ಸ್ಕೂಲ್ ಮಕ್ಕಳ ಮರದ ಕೋಸ್ಟರ್‌ಗೆ ಪೀಣ್ಯದ ಲೇಸರ್ ಅಂಗಡಿ: ಮಷೀನ್ ಕೆಲಸ ಸೂಪರ್, ಮರ ಮಾತ್ರ ನೀವೇ ತಗೊಂಡೋಗಿ

ಎಂಟನೇ ಕ್ಲಾಸಿನ ಡಿಸೈನ್ ಪೀರಿಯಡ್‌ಗೆ ಈ ಸಲ ಕೋಸ್ಟರ್, ಅಂದ್ರೆ ಲೋಟದ ಕೆಳಗಿಡೋ ಸಣ್ಣ ಹಲಗೆ, ಮಾಡೋ ಪ್ರಾಜೆಕ್ಟ್ ಕೊಟ್ಟಿದ್ವಿ. ಪ್ರತಿ ಮಗು ಮನೆಯಲ್ಲಿ ಯಾರಾದ್ರೂ ಒಬ್ಬರಿಗೆ ಅಂತ ಡಿಸೈನ್ ಮಾಡ್ಬೇಕು, ಕಟಿಂಗು ಕೆತ್ತನೆ ಹೊರಗಡೆ ಲೇಸರ್‌ನಲ್ಲಿ, ಉಜ್ಜೋದು ಪಾಲಿಶ್ ಮಾಡೋದು ಮಕ್ಕಳೇ. ನಮ್ಮಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ (ಮಕ್ಕಳು ಕೈಯಾರೆ ವಸ್ತು ಮಾಡಿ ಕಲಿಯೋ ಲ್ಯಾಬ್) ಇದೆ, ತ್ರೀಡಿ ಪ್ರಿಂಟರ್ ಇದೆ, ಲೇಸರ್ ಕಟರ್ ಇಲ್ಲ, ಹಂಗಾಗಿ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೋಗಿದ್ದು. ಅಂಗಡಿ ಹೆಸರು ಹಾಕ್ತಿಲ್ಲ, ತಕರಾರೂ ಇರೋದ್ರಿಂದ. ಆ ಕಡೆ ಇಂಥ ಸಣ್ಣ ಅಂಗಡಿಗಳು ಬೇಕಾದಷ್ಟಿವೆ, ಯಾವುದಕ್ಕೆ ಹೋದ್ರೂ ಕೆಳಗಿರೋದು ಉಪಯೋಗಕ್ಕೆ ಬರುತ್ತೆ.

ಮೊದಲು ಒಳ್ಳೇದು ಹೇಳ್ತೀನಿ. ಕೆತ್ತಿದ ಗೆರೆ ತುಂಬಾ ನೀಟು, ಮಷೀನ್ ನೋಡ್ಕೊಳ್ಳೋ ಹುಡುಗನಿಗೆ ಕೆಲಸ ಗೊತ್ತು, ತಾಳ್ಮೇನೂ ಇದೆ. ರೇಟ್ ನಿಮಿಷದ ಲೆಕ್ಕ. ಇದನ್ನ ಮಕ್ಕಳಿಗೆ ಡಿಸೈನ್ ಶುರು ಮಾಡೋ ಮುಂಚೆನೇ ಹೇಳ್ಬಿಡಿ, ಯಾಕಂದ್ರೆ ಫೋಟೋ ಅಥವಾ ಪೂರ್ತಿ ಕಪ್ಪು ತುಂಬಿದ ಚಿತ್ರ ಕೆತ್ತೋವಾಗ ಲೇಸರ್ ತಲೆ ಅತ್ತಿಂದಿತ್ತ ಸಾಲು ಸಾಲಾಗಿ ಓಡಾಡುತ್ತೆ, ಅಂಗೈಯಷ್ಟು ಜಾಗಕ್ಕೂ ಸುಮಾರು ಹೊತ್ತು ಹಿಡಿಯುತ್ತೆ, ಅದೇ ಬರೀ ಗೆರೆ ಚಿತ್ರ ಆದ್ರೆ ಗೆರೆ ಹಿಡಿದು ಹೋಗಿ ಸಟ್ಟಂತ ಮುಗಿಸುತ್ತೆ. ಒಬ್ಬ ಹುಡುಗಿ ಶಿವಮೊಗ್ಗ ಜಿಲ್ಲೆ ಸಾಗರದ ಕಡೆಯವಳು, ಅವಳಜ್ಜಿಗೆ ಅಂತ ದೀವರ ಸಮುದಾಯದ ಹೆಣ್ಮಕ್ಕಳು ಗೋಡೆ ಮೇಲೆ ಬರೆಯೋ ಹಸೆ ಚಿತ್ತಾರ ಮಾಡಿದ್ಲು, ಬರೀ ನೇರ ಗೆರೆಗಳು, ಎಲ್ಲಕ್ಕಿಂತ ಕಮ್ಮಿ ದುಡ್ಡಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದಿದ್ದು ಅದೇ. ಕ್ರಿಕೆಟರ್ ಫೋಟೋ ಹಾಕಿದವನದ್ದು ದುಡ್ಡೂ ಜಾಸ್ತಿ, ಮುಖಾನೂ ಮಸಿ.

ಕನ್ನಡ ಹೆಸರು ಬರೆಸೋರು ಇದನ್ನ ಗಮನ ಇಟ್ಟು ಓದಿ. ಅಂಗಡಿಯ ಕಂಪ್ಯೂಟರಲ್ಲಿ ನೀವು ಬಳಸಿದ ಕನ್ನಡ ಫಾಂಟ್ ಇರದೇ ಇರಬಹುದು, ನುಡಿ ಹಳೇ ಫಾಂಟಲ್ಲಿ ಟೈಪ್ ಮಾಡಿದ ಫೈಲ್ ಅಲ್ಲಿ ತೆಗೆದ್ರೆ ಇಂಗ್ಲಿಷ್ ಅಕ್ಷರ ಚಿಹ್ನೆ ಎಲ್ಲ ಕಲಸಿಟ್ಟಂಗೆ ಕಾಣುತ್ತೆ. ಡಿಸೈನ್ ಸಾಫ್ಟ್‌ವೇರ್ ಇಂಕ್‌ಸ್ಕೇಪ್ ಆದ್ರೆ ಆಬ್ಜೆಕ್ಟ್ ಟು ಪಾತ್, ಕೋರೆಲ್ ಆದ್ರೆ ಕನ್ವರ್ಟ್ ಟು ಕರ್ವ್ಸ್, ಇದು ಮಾಡಿನೇ ಪೆನ್‌ಡ್ರೈವ್‌ಗೆ ಹಾಕ್ಕೊಳ್ಳಿ, ಆಗ ಅಕ್ಷರ ಬರೀ ಆಕಾರ ಆಗಿರುತ್ತೆ, ಯಾವ ಫಾಂಟೂ ಬೇಕಾಗಲ್ಲ. ಇನ್ನು ಅಕ್ಷರನ ಆರಪಾರ ಕತ್ತರಿಸೋ ಆಸೆ ಇದ್ರೆ ನಮ್ಮ ಲಿಪಿ ಸ್ವಲ್ಪ ಕಾಟ ಕೊಡುತ್ತೆ, ಎಲ್ಲ ದುಂಡು ದುಂಡು, ಸೊನ್ನೆ ಒಳಗಿನ ಮರ ಉದುರಿ ಹೋಗುತ್ತೆ, ಠ ಅಂತೂ ಬೊಟ್ಟು ಸಮೇತ ಮಾಯ. ಒಳಗಿನ ತುಂಡನ್ನ ಹಿಡಿದುಕೊಳ್ಳೋಕೆ ಮರದಲ್ಲೇ ಸಣ್ಣ ಸೇತುವೆ ಬಿಡ್ಬೇಕು, ಇಲ್ಲಾಂದ್ರೆ ಸುಮ್ನೆ ಕೆತ್ತಿಸಿ. ಒತ್ತಕ್ಷರ ಇರೋ ಹೆಸರಾದ್ರೆ ಕೆತ್ತನೆನೇ ವಾಸಿ.

ಈಗ ತಕರಾರು. ಮರ ಯಾವುದು ಅಂತ ಕೇಳಿದ್ರೆ ಓನರ್ ಕಣ್ಮುಚ್ಚಿ ಹೇಳೋದು 3 ಎಂಎಂ ಎಂಡಿಎಫ್, "ಮೇಡಂ ಎಲ್ರೂ ಇದೇ ತಗೊಳ್ಳೋದು". ಅದು ಮರದ ನಾರಿನ ಪುಡಿನ ಅಂಟು ಹಾಕಿ ಒತ್ತಿದ ಹಲಗೆ, ತಣ್ಣೀರು ಲೋಟದ ಬೆವರು ಅಂಚಿಗೆ ಇಳೀತು ಅಂದ್ರೆ ನೆನೆದ ಬಿಸ್ಕೆಟ್ ಥರ ಉಬ್ಬುತ್ತೆ, ಆಮೇಲೆ ಏನು ಮಾಡಿದ್ರೂ ಸರಿಹೋಗಲ್ಲ. ಕೀ ಚೈನಿಗೆ ಓಕೆ, ನೀರು ಕುಡಿಯೋ ಲೋಟ ಇಡೋ ವಸ್ತುಗೆ ಅದನ್ನ ಮಾರೋದು ನಂಗಂತೂ ಇಷ್ಟ ಆಗ್ಲಿಲ್ಲ. ವಾಟರ್‌ಪ್ರೂಫ್ ಪ್ಲೈ ಹಾಕೋಣ ಅಂದ್ರೆ ಅದರ ಫೀನಾಲ್ ಅಂಟು ಲೇಸರ್‌ಗೆ ಸರಿಯಾಗಿ ಜಗ್ಗಲ್ಲ, ಅಂಚೆಲ್ಲ ಇದ್ದಿಲು. ನಾವು ಕೊನೆಗೆ ಬಾಗಿಲು ಕಿಟಕಿ ಮಾಡೋ ಬಡಗಿ ಹತ್ರ ತೇಗದ ತುಂಡು ಕೇಳಿ, ತೆಳ್ಳಗೆ ಸೀಳಿಸಿ, ರಂದ ಹೊಡೆಸಿಕೊಂಡು ಹೋದ್ವಿ, ಚೌಕಾಕಾರಕ್ಕೆ ಅವನೇ ಗರಗಸದಲ್ಲಿ ಕೊಯ್ದು ಕೊಟ್ಟ, ಲೇಸರ್‌ಗೆ ಬರೀ ಕೆತ್ತನೆ ಉಳೀತು, ಅದರಿಂದ ಬಿಲ್ಲೂ ಇಳೀತು. ನಮ್ಮ ಮರ ತಂದಿದ್ದಕ್ಕೆ ಓನರ್ ಮುಖ ಸ್ವಲ್ಪ ಊದಿತ್ತು, ಆದ್ರೆ ಕೆಲಸ ಮಾಡಿಕೊಟ್ರು.

ಕೆತ್ತೋ ಮುಂಚೆ ಮರದ ಮೇಲೆ ಮಾಸ್ಕಿಂಗ್ ಟೇಪ್ (ಕಾಗದದ ಟೇಪ್) ಕೇಳಿ ಹಾಕಿಸ್ಕೊಳ್ಳಿ, ಅವರಾಗೇ ಹಾಕಲ್ಲ. ಟೇಪ್ ಇಲ್ದೆ ಕೆತ್ತಿದ್ರೆ ಸುತ್ತ ಹೊಗೆ ಕಲೆ, ಅದನ್ನ ಉಜ್ಜೋಕೆ ಹೋದ್ರೆ ಸಣ್ಣ ಗೆರೆಗಳೂ ಅಳಿಸೋಗುತ್ತೆ.

ಎಕ್ಸ್‌ಟ್ರಾ ದುಡ್ಡು ಕೊಟ್ರೆ ಪಾಲಿಶ್ ಹಾಕಿ ಕೊಡ್ತೀವಿ ಅಂತಾರೆ, ಬೇಡ ಅನ್ನಿ. ಅದು ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ಚನ್ನಪಟ್ಟಣದವರು ಗೊಂಬೆಗೆ ಅರಗು ಹಚ್ಚೋದೇ ಲೇತ್ ಮೇಲೆ ಗೊಂಬೆ ತಿರುಗೋವಾಗ ಉಜ್ಜಿ ಹುಟ್ಟೋ ಬಿಸಿಗೆ ಅದು ಕರಗಿ ಮೆತ್ಕೊಳ್ಳುತ್ತೆ ಅಂತ, ಅಂಥದ್ರ ಮೇಲೆ ಸುಡೋ ಕಾಫಿ ಲೋಟ ಇಟ್ರೆ ಬಿಳಿ ಉಂಗುರ ಬೀಳದೆ ಇನ್ನೇನು. ಮಕ್ಕಳು 120, 180, 240 ನಂಬರ್ ಪೇಪರಲ್ಲಿ ಮರದ ಎಳೆ ಹೋದ ದಿಕ್ಕಿಗೇ ಉಜ್ಜಿ, ವಾಟರ್ ಬೇಸ್ ಪಿಯು (ಪಾಲಿಯುರೆಥೇನ್ ವಾರ್ನಿಶ್) ಎರಡೂ ಕಡೆ ಹಚ್ಚಿದ್ರು. ಮೇಲ್ಗಡೆ ಮಾತ್ರ ಹಚ್ಚಿದ್ರೆ ತೆಳು ಮರ ಒಂದು ಕಡೆ ತೇವ ಕುಡಿದು ಸೊಟ್ಟಗಾಗುತ್ತೆ. ಉಜ್ಜೋವಾಗ ಮೂಗಿಗೆ ಮಾಸ್ಕ್ ಇರ್ಲಿ. ಮಧ್ಯದಲ್ಲಿ ಒಬ್ಬ, "ಮಿಸ್, ನಮ್ಮನೇಲಿ ಕಾಫಿಗೆ ಡವರಾನೇ ಇದೆಯಲ್ಲ, ಅದೇ ಕೋಸ್ಟರ್ ಅಲ್ವಾ" ಅಂದ. ಉತ್ತರ ಇರ್ಲಿಲ್ಲ ನನ್ ಹತ್ರ, ಮಾರ್ಕ್ಸ್ ಕೊಟ್ಟೆ.

ಒಟ್ಟು ಐದಕ್ಕೆ ಮೂರೂವರೆ. ಮಷೀನ್ ಕೆಲಸಕ್ಕೆ ಪೂರ್ತಿ ಕೊಡ್ತಿದ್ದೆ, ಮರದ ಸಲಹೆಗೆ ಕಟ್ ಮಾಡಿದೀನಿ. ಬೆಳಗ್ಗೆನೇ ಹೋಗಿ, ಮಧ್ಯಾಹ್ನದ ಮೇಲೆ ಬೋರ್ಡು ನೇಮ್‌ಪ್ಲೇಟ್ ಆರ್ಡರ್‌ಗಳು ಬಂದು ಕ್ಯೂ ಆಗುತ್ತೆ. ಮೊದಲು ಒಂದೇ ಒಂದು ಸ್ಯಾಂಪಲ್ ಮಾಡಿಸಿ ನೋಡಿ ಆಮೇಲೆ ಉಳಿದಿದ್ದು ಕೊಡಿ. ಮತ್ತೆ ಜಿಎಸ್‌ಟಿ ಬಿಲ್ ಬೇಕು ಅಂತ ಕೆಲಸ ಶುರು ಆಗೋ ಮುಂಚೆನೇ ಹೇಳಿ, ಇಲ್ಲಾಂದ್ರೆ ಚೀಟಿ ಮೇಲೆ ಬರೆದು ಕೊಡ್ತಾರೆ, ಅದನ್ನ ಸ್ಕೂಲ್ ಆಫೀಸಲ್ಲಿ ಯಾರೂ ಒಪ್ಪಲ್ಲ.