ಹಡಗಿನ ಸ್ಪಾ, ದುಬೈ ಹೋಟೆಲ್, ಕೊಡಗಿನ ರೆಸಾರ್ಟ್: ಮೂರು ಕಡೆ ದುಡಿದು ನೋಡಿದ ಮೇಲೆ

ಹೋದ ತಿಂಗಳು ಪಕ್ಕದ ಮನೆ ಹುಡುಗಿ ಎರಡು ಆಫರ್ ಲೆಟರ್ ತಂದು ನನ್ನ ಮುಂದೆ ಇಟ್ಟಳು. ಒಂದು ದುಬೈನ ಹೋಟೆಲಿನದು. ಇನ್ನೊಂದು ಅಮೆರಿಕದ ಮಯಾಮಿಯಿಂದ ಹೊರಡುವ ಕ್ರೂಸ್ ಹಡಗಿನದು. ಎರಡೂ ಸ್ಪಾ ಥೆರಪಿಸ್ಟ್ ಕೆಲಸವೇ. "ಅಕ್ಕ, ನೀವು ಎರಡೂ ಕಡೆ ಇದ್ದು ಬಂದವರು. ಯಾವುದಕ್ಕೆ ಹೋಗ್ಲಿ?" ಅಂದಳು. ಅವತ್ತು ಅವಳಿಗೆ ಸಂಜೆಯವರೆಗೂ ಕೂತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಲೆಕ್ಕದಲ್ಲಿ ಹೋಲಿಸಬೇಕಾದ್ದು ಎರಡಲ್ಲ, ಮೂರು. 2013ರಿಂದ 2015ರವರೆಗೆ ಕೊಡಗಿನ ಒಂದು ರೆಸಾರ್ಟಿನ ಆಯುರ್ವೇದ ವಿಭಾಗದಲ್ಲಿದ್ದೆ. 2016ರಿಂದ 2018ರವರೆಗೆ ದುಬೈ. ಆಮೇಲೆ ಹಡಗು. 2018-19ರಲ್ಲಿ ಒಂದು ಕಾಂಟ್ರ್ಯಾಕ್ಟ್, ಕೊರೋನಾ ಕಳೆದ ಮೇಲೆ 2022-23ರಲ್ಲಿ ಇನ್ನೊಂದು. ಎರಡೂ ಎಂಟೆಂಟು ತಿಂಗಳು. ಈಗ ಕುಂದಾಪುರದಲ್ಲಿ ಬಾಣಂತಿಯರಿಗೆ ಎಣ್ಣೆ ಹಚ್ಚಿ ನೀರು ಹಾಕುವ ಕೆಲಸ ಮಾಡಿಕೊಂಡಿದ್ದೇನೆ.

ಎಲ್ಲರೂ ಮೊದಲು ಕೇಳುವುದು ದುಡ್ಡು. ಕೊಡಗಿನಲ್ಲಿ ನನಗೆ ತಿಂಗಳಿಗೆ 12,000 ರೂಪಾಯಿ, ಊಟ, ವಸತಿ, ಒಂದಿಷ್ಟು ಟಿಪ್ಸ್. ದುಬೈನಲ್ಲಿ ಬೇಸಿಕ್ 2,000 ದಿರ್ಹಮ್. ಕಮಿಷನ್, ಟಿಪ್ಸ್ ಎಲ್ಲಾ ಸೇರಿ 3,200ರ ಆಸುಪಾಸು ಕೈಗೆ ಬರುತ್ತಿತ್ತು. ಆಗಿನ ದರದಲ್ಲಿ ಸುಮಾರು 56,000 ರೂಪಾಯಿ. ಹಡಗಿನಲ್ಲಿ ಗಟ್ಟಿ ಸಂಬಳ ಅಂತ ಇರುವುದು ತೀರಾ ಕಡಿಮೆ, ಉಳಿದದ್ದೆಲ್ಲ ಕಮಿಷನ್. ಮೊದಲ ತಿಂಗಳು 850 ಡಾಲರ್ ಬಂತು. ಡಿಸೆಂಬರ್‌ನಲ್ಲಿ 2,500 ಬಂತು. ಮೊದಲ ಕಾಂಟ್ರ್ಯಾಕ್ಟಿನ ಸರಾಸರಿ ತಿಂಗಳಿಗೆ 1,600 ಡಾಲರ್, ಅಂದರೆ ಆಗ ಒಂದು ಲಕ್ಷ ರೂಪಾಯಿಯ ಮೇಲೆ.

ಇದನ್ನು ಕೇಳಿದ ಕೂಡಲೇ ಹಡಗೇ ವಾಸಿ ಅನಿಸುತ್ತದೆ ಅಲ್ವಾ? ಸ್ವಲ್ಪ ತಡೆಯಿರಿ. ಎಂಟು ತಿಂಗಳಾದ ಮೇಲೆ ಸೈನ್ ಆಫ್ ಮಾಡಿ ಮನೆಗೆ ಬರುತ್ತೇವೆ. ಮುಂದಿನ ಹಡಗು ಸಿಗುವವರೆಗೆ ಎರಡು ತಿಂಗಳು ಒಂದು ಪೈಸೆ ಇಲ್ಲ. ಹತ್ತು ತಿಂಗಳಿಗೆ ಹಂಚಿದರೆ 1,600 ಅನ್ನುವುದು 1,280 ಆಗುತ್ತದೆ. ದುಬೈನಲ್ಲಾದರೆ ವರ್ಷಕ್ಕೆ 30 ದಿನ ಸಂಬಳದ ರಜೆ. ಕೆಲಸ ಬಿಡುವಾಗ ಗ್ರಾಚ್ಯುಟಿ ಸಿಗುತ್ತದೆ: ಒಂದು ವರ್ಷ ಪೂರ್ತಿಯಾಗಿದ್ದರೆ, ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಬೇಸಿಕ್. ಆದರೂ ಹಡಗಿನ ದುಡ್ಡೇ ಜಾಸ್ತಿ, ಅದು ನಿಜ. ಆದರೆ ಬಾಯಲ್ಲಿ ಹೇಳುವಷ್ಟು ಜಾಸ್ತಿ ಅಲ್ಲ.

ಇನ್ನೊಂದು ವಿಷಯ ನನಗೆ ಮೊದಲೇ ಯಾರೂ ಹೇಳಿರಲಿಲ್ಲ. ಹಡಗಿನಲ್ಲಿ ನಿಮ್ಮ ಸಂಪಾದನೆ ನಿಂತಿರುವುದು ಹಡಗಿನ ರೂಟ್ ಮೇಲೆ. ಹಡಗು ಬಂದರಿನಲ್ಲಿದ್ದಾಗ ಗೆಸ್ಟ್‌ಗಳು ಊರು ನೋಡಲು ಇಳಿಯುತ್ತಾರೆ, ಸ್ಪಾ ಖಾಲಿ. ಇಡೀ ದಿನ ನೀರಿನ ಮೇಲೇ ಇರುವ ಸೀ ಡೇ ಬಂದರೆ ಬೆಳಿಗ್ಗೆ ಎಂಟರಿಂದ ರಾತ್ರಿವರೆಗೂ ಬುಕಿಂಗ್. ನನ್ನ ಮೊದಲ ಹಡಗು ಏಳು ರಾತ್ರಿಯ ಟ್ರಿಪ್ ಮಾಡುತ್ತಿತ್ತು. ಕೆರಿಬಿಯನ್ ದ್ವೀಪಗಳಾದ ಸೇಂಟ್ ಥಾಮಸ್, ಸೇಂಟ್ ಮಾರ್ಟನ್ ಕಡೆ ಹೋಗಿ ಬರುವುದರಲ್ಲಿ ಮೂರು ಸೀ ಡೇ ಸಿಗುತ್ತಿತ್ತು. ಎರಡನೇ ಹಡಗು ಮೂರು ರಾತ್ರಿ, ನಾಲ್ಕು ರಾತ್ರಿ ಬಹಾಮಾಸ್‌ನ ನಾಸಾವ್‌ಗೆ ಹೋಗಿ ಬರುವುದು. ಒಂದೇ ಸೀ ಡೇ. ವಾರಕ್ಕೆ ಎರಡು ಸಲ ಹೊಸ ಜನ ಹತ್ತುತ್ತಾರೆ. ಅವತ್ತು ಮಧ್ಯಾಹ್ನದಿಂದ ಬಾಗಿಲಲ್ಲಿ ನಿಂತು ಚೀಟಿ ಹಂಚಬೇಕು, ಸ್ಪಾ ತೋರಿಸಬೇಕು, ಈಜುಕೊಳದ ಹತ್ತಿರ ಕುರ್ಚಿ ಹಾಕಿ ಐದು ನಿಮಿಷ ಹೆಗಲು ತಿಕ್ಕಿ ಕರೆಯಬೇಕು. ಅದಕ್ಕೆಲ್ಲ ಕಮಿಷನ್ ಇಲ್ಲ. ಅದೇ ಕೆಲಸ, ಅದೇ ಕೈ. ಆದರೆ ನನ್ನ ಸಂಪಾದನೆ ಮೊದಲಿನದರ ಮುಕ್ಕಾಲು ಪಾಲಿಗೆ ಇಳಿಯಿತು.

ಕೆಲಸ ಸೇರುವ ಖರ್ಚಿನ ಬಗ್ಗೆ ಒಂದು ಮಾತು. ಹಡಗಿಗೆ ಹತ್ತಲು ಎಸ್‌ಟಿಸಿಡಬ್ಲ್ಯು ಅನ್ನುವ ಸುರಕ್ಷತಾ ಕೋರ್ಸ್ ಬೇಕು. ನಾನು ಗೋವಾದಲ್ಲಿ ಮಾಡಿದೆ. ಲೈಫ್ ಜಾಕೆಟ್ ಹಾಕಿಕೊಂಡು ಕೊಳಕ್ಕೆ ಹಾರಬೇಕು, ಬೆಂಕಿ ಆರಿಸಬೇಕು. ಆಮೇಲೆ ಸಿಡಿಸಿ ಅನ್ನುವ ನಾವಿಕರ ಪುಸ್ತಕ, ಮೆಡಿಕಲ್, ಹಡಗಿನ ಸಿಬ್ಬಂದಿಗೆ ಅಮೆರಿಕ ಕೊಡುವ ಸಿ1/ಡಿ ವೀಸಾ. ಒಬ್ಬ ಏಜೆಂಟ್ ನನ್ನ ಹತ್ತಿರ ಒಂದೂವರೆ ಲಕ್ಷ ಕೇಳಿದ್ದ. ನಾನು ಕೊಡಲಿಲ್ಲ. ಹಡಗಿನ ಕಾರ್ಮಿಕರಿಗೆ 2006ರ ಮ್ಯಾರಿಟೈಮ್ ಲೇಬರ್ ಕನ್ವೆನ್ಷನ್ ಅನ್ನುವ ಅಂತಾರಾಷ್ಟ್ರೀಯ ಒಪ್ಪಂದ ಇದೆ. ಭಾರತವೂ ಅದನ್ನು ಒಪ್ಪಿದೆ. ಕೆಲಸ ಕೊಡಿಸುವುದಕ್ಕೆ ನಮ್ಮಿಂದ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಮೆಡಿಕಲ್, ಸಿಡಿಸಿ, ಪಾಸ್‌ಪೋರ್ಟ್ ಖರ್ಚು ನಮ್ಮದು, ವೀಸಾ ಖರ್ಚು ಮಾಲೀಕರದು. ಏಜೆಂಟರಿಗೆ ಕೇಂದ್ರ ಸರ್ಕಾರದ ಡಿಜಿ ಶಿಪ್ಪಿಂಗ್ ಕಚೇರಿ ಕೊಡುವ ಆರ್‌ಪಿಎಸ್ಎಲ್ ಅನ್ನುವ ನೇಮಕಾತಿ ಲೈಸೆನ್ಸ್ ಇದೆಯಾ ಅಂತ ಮೊದಲು ನೋಡಿ. ದುಬೈ ಕೆಲಸಕ್ಕೂ ಅಷ್ಟೇ, ನೇಮಕದ ಖರ್ಚು ಮಾಲೀಕರೇ ಕೊಡಬೇಕು ಅಂತ ಅಲ್ಲಿನ ಕಾನೂನೇ ಹೇಳುತ್ತದೆ.

ಇರುವುದು, ತಿನ್ನುವುದು ಬೇಗ ಹೇಳಿ ಮುಗಿಸುತ್ತೇನೆ. ದುಬೈನಲ್ಲಿ ಅಲ್ ಕೂಜ್‌ನ ಸ್ಟಾಫ್ ಕ್ವಾರ್ಟರ್ಸ್, ಒಂದು ರೂಮಿಗೆ ನಾಲ್ಕು ಜನ. ವಾರಕ್ಕೆ ಒಂದು ರಜೆ, ಅವತ್ತು ಕರಾಮಾಗೆ ಹೋಗಿ ದೋಸೆ ತಿನ್ನುತ್ತಿದ್ದೆ. ಹಡಗಿನಲ್ಲಿ ಒಂದು ಕ್ಯಾಬಿನ್, ಮೇಲೆ ಕೆಳಗೆ ಎರಡು ಮಂಚ, ಕಿಟಕಿ ಇಲ್ಲ. ಎದ್ದ ಕೂಡಲೇ ಟಿವಿಯಲ್ಲಿ ಹಡಗಿನ ಮುಂಭಾಗದ ಕ್ಯಾಮೆರಾ ಚಾನೆಲ್ ಹಾಕಿ ಬೆಳಕಾಗಿದೆಯಾ ನೋಡುತ್ತಿದ್ದೆ. ಮೆಸ್‌ನಲ್ಲಿ ಅನ್ನ, ದಾಲ್ ದಿನಾ ಇರುತ್ತದೆ. ಕುಚ್ಚಲಕ್ಕಿ ಮರೆತುಬಿಡಿ, ಚಟ್ನಿಪುಡಿ ತೆಗೆದುಕೊಂಡು ಹೋಗಿ. ಎರಡನೇ ಸಲ ಹೋದಾಗ ಸ್ಟಾರ್‌ಲಿಂಕ್ ಬಂದಿತ್ತು, ಅಮ್ಮನ ಮುಖ ನೋಡಿ ಮಾತಾಡಲು ಆಯಿತು. ಮೊದಲ ಕಾಂಟ್ರ್ಯಾಕ್ಟಿನಲ್ಲಿ ಕಾರ್ಡ್ ಕೊಂಡು ನಿಮಿಷ ಲೆಕ್ಕ ಹಾಕಿ ಮಾತಾಡಿದ್ದೆ.

ಆದರೆ ಎಂಟು ತಿಂಗಳು ಒಂದೇ ಒಂದು ಪೂರ್ತಿ ರಜೆ ಇಲ್ಲ ಅನ್ನುವುದನ್ನು ಬೇಗ ಹೇಳಿ ಮುಗಿಸಲು ಆಗುವುದಿಲ್ಲ. ಹಡಗಿನ ನಿಯಮ ಕೇಳುವುದು ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ. ವಾರದ ರಜೆ ಅನ್ನುವುದು ಇಲ್ಲ. ಬಂದರಿನಲ್ಲಿ ಸಿಗುವ ನಾಲ್ಕು ಗಂಟೆಯೇ ನಿಮ್ಮ ಭಾನುವಾರ. ಅದರಲ್ಲೂ ಐಪಿಎಂ ಪಟ್ಟಿಯಲ್ಲಿ ಹೆಸರಿದ್ದರೆ ಇಳಿಯುವಂತಿಲ್ಲ, ತುರ್ತು ಕೆಲಸಕ್ಕೆ ಅಂತ ಒಂದಷ್ಟು ಜನ ಹಡಗಿನಲ್ಲೇ ಇರಬೇಕು. ಜೊತೆಗೆ ಡ್ರಿಲ್. ಏಳು ಚಿಕ್ಕ, ಒಂದು ಉದ್ದ ಸೈರನ್ ಆದ ಕೂಡಲೇ ನಾನು ಮೆಟ್ಟಿಲ ಹತ್ತಿರ ನಿಂತು ಗೆಸ್ಟ್‌ಗಳಿಗೆ ದಾರಿ ತೋರಿಸಬೇಕು. ದುಬೈನಲ್ಲಿ ದಿನಕ್ಕೆ 8, ವಾರಕ್ಕೆ 48 ಗಂಟೆ. ರಂಜಾನ್ ತಿಂಗಳಲ್ಲಿ ದಿನಕ್ಕೆ ಎರಡು ಗಂಟೆ ಕಡಿಮೆ.

ಈಗ ನನಗೆ ನಿಜವಾಗಿ ಮುಖ್ಯ ಅನಿಸುವ ವಿಷಯ. ಕೈ.

ಕೊಡಗಿನಲ್ಲಿ ದಿನಕ್ಕೆ ಮೂರು ಅಭ್ಯಂಗ. ಮರದ ದ್ರೋಣಿಯ ಎರಡೂ ಕಡೆ ಇಬ್ಬರು ನಿಂತು ಒಂದೇ ಲಯದಲ್ಲಿ ಎಳೆಯುತ್ತೇವೆ. ಬಿಸಿ ಎಣ್ಣೆಯೇ ಅರ್ಧ ಕೆಲಸ ಮಾಡುತ್ತದೆ. ದುಬೈನಲ್ಲಿ ದಿನಕ್ಕೆ ಹೆಚ್ಚೆಂದರೆ ಐದು, ಅದರಲ್ಲಿ ಒಂದೆರಡು ಮೊರೊಕ್ಕನ್ ಬಾತ್. ಕಪ್ಪು ಸೋಪು ಹಚ್ಚಿ, ಒರಟು ಕೈಗವಸಿನಲ್ಲಿ ಮೈ ಉಜ್ಜಿ, ಮಣ್ಣು ಬಳಿದು ತೊಳೆಯುವುದು. ಹಬೆಯಲ್ಲಿ ನಿಂತು ನಿಂತು ಕಾಲ್ಬೆರಳ ಸಂದಿ ಕೊಳೆಯುತ್ತದೆ, ಆದರೆ ಕೈಗೆ ಅಷ್ಟು ಭಾರ ಬೀಳುವುದಿಲ್ಲ. ಹಡಗಿನ ಸೀ ಡೇಯಲ್ಲಿ ಏಳರಿಂದ ಎಂಟು. ಹೆಚ್ಚಿನವರು ಕೇಳುವುದು ಡೀಪ್ ಟಿಶ್ಯೂ, ಅಂದರೆ ಸ್ನಾಯುವಿನ ಆಳಕ್ಕೆ ಒತ್ತುವ ಮಸಾಜ್, "ಇನ್ನೂ ಗಟ್ಟಿಯಾಗಿ ಒತ್ತಿ" ಅನ್ನುತ್ತಾರೆ. 50 ನಿಮಿಷ ಮಸಾಜ್, 10 ನಿಮಿಷದಲ್ಲಿ ಹಾಸಿಗೆ ಬದಲಿಸಿ, ಒರೆಸಿ, ಮುಂದಿನವರನ್ನು ಕರೆಯಬೇಕು. ಸಮುದ್ರ ಜೋರಾಗಿದ್ದರೆ ಎಣ್ಣೆ ಬಟ್ಟಲಿನ ಕೆಳಗೆ ಒದ್ದೆ ಬಟ್ಟೆ ಹಾಕುತ್ತೇವೆ, ಜಾರಬಾರದು ಅಂತ. ಬಿಸಿ ಕಲ್ಲಿನ ಮಸಾಜ್ ಅವತ್ತು ಬೇಡ ಅನ್ನುತ್ತಿದ್ದೆ. ಒಂದು ಕಾಲು ಮುಂದೆ, ಒಂದು ಹಿಂದೆ ಇಟ್ಟು ಹಡಗು ಆ ಕಡೆ ವಾಲಿದಾಗ ಒತ್ತುವುದು, ಈ ಕಡೆ ವಾಲಿದಾಗ ಬಿಡುವುದು. ಎರಡನೇ ಕಾಂಟ್ರ್ಯಾಕ್ಟಿನ ಐದನೇ ತಿಂಗಳಿಗೆ ಬಲಗೈ ಹೆಬ್ಬೆರಳಿನ ಬುಡದಲ್ಲಿ ನೋವು ಶುರುವಾಯಿತು. ಆಮೇಲೆ ಹೆಬ್ಬೆರಳು ಬಿಟ್ಟು ಮೊಣಕೈ, ಮುಂಗೈ ಬಳಸಿದೆ. ಇವತ್ತಿಗೂ ಬಾಟಲಿ ಮುಚ್ಚಳ ತಿರುಗಿಸುವಾಗ ಅದು ಚುಳ್ ಅನ್ನುತ್ತದೆ.

ಮಸಾಜ್ ಮುಗಿದ ಮೇಲೆ ಮಾರಾಟ ಇದೆ. ದುಬೈನಲ್ಲೂ ಇತ್ತು, ಆದರೆ ಹಡಗಿನಷ್ಟು ಒತ್ತಾಯ ಇರಲಿಲ್ಲ. ಹಡಗಿನಲ್ಲಿ ಗೆಸ್ಟ್ ಕೈಗೆ ಒಂದು ಲೋಟ ನೀರು ಕೊಟ್ಟು, ಎದುರು ಕೂತು, ಕಡಲಪಾಚಿ ಮಾತ್ರೆ, ಎಣ್ಣೆ, ಕ್ರೀಮ್ ಅಂತ ಒಂದು ಚೀಟಿ ಬರೆಯಬೇಕು. ರಾತ್ರಿ ಯಾರು ಎಷ್ಟು ಮಾರಿದರು ಅಂತ ಲೆಕ್ಕ. ಈಗಷ್ಟೇ ಕಣ್ಣುಮುಚ್ಚಿ ನಂಬಿ ಮಲಗಿದ್ದವರಿಗೆ ಬೇಡದ ಮಾತ್ರೆ ಬರೆದುಕೊಡುವುದು ನನ್ನಿಂದ ಆಗಲಿಲ್ಲ. ಎಣ್ಣೆ ಮಾತ್ರ ಮಾರಿದೆ, ಅದು ನಿಜವಾಗಿ ಚೆನ್ನಾಗಿತ್ತು.

ಒಂದು ದಿನದ್ದು ಹೇಳಲೇಬೇಕು. ಎರಡನೇ ಹಡಗಿನಲ್ಲಿ, ಸೀ ಡೇ, ಬೆಳಿಗ್ಗೆಯ ಮೂರನೇ ಬುಕಿಂಗ್. ಅರವತ್ತರ ಆಸುಪಾಸಿನ ಹೆಂಗಸು. ಫಾರ್ಮಿನಲ್ಲಿ ಕಾಯಿಲೆ ಯಾವುದೂ ಇಲ್ಲ ಅಂತ ಬರೆದಿದ್ದರು. ಎಣ್ಣೆ ಹಚ್ಚುವ ಮುಂಚೆ ಅಭ್ಯಾಸಬಲದಿಂದ ಎರಡು ಮೀನಖಂಡಕ್ಕೂ ಅಂಗೈ ಹಿಂಭಾಗ ಇಟ್ಟು ನೋಡಿದೆ. ಎಡಗಾಲು ಊದಿತ್ತು, ಕೆಂಪಗಿತ್ತು, ಬಲಗಾಲಿಗಿಂತ ಬಿಸಿ. "ವಿಮಾನದಲ್ಲಿ ತುಂಬಾ ಹೊತ್ತು ಕೂತು ಬಂದೆ, ಅದಕ್ಕೇ ನೋವು, ಸ್ವಲ್ಪ ಜೋರಾಗಿ ಒತ್ತಿ" ಅಂದರು. ನಾನು ಒತ್ತಲಿಲ್ಲ. ರಕ್ತ ಹೆಪ್ಪುಗಟ್ಟಿರಬಹುದು, ಒತ್ತಿದರೆ ಆ ಗಂಟು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಟವೆಲ್ ಹೊದಿಸಿ, ಹಡಗಿನ ಮೆಡಿಕಲ್ ಸೆಂಟರಿಗೆ ಫೋನ್ ಮಾಡಿದೆ. ಗಾಲಿಕುರ್ಚಿ ಬಂತು. ಮರುದಿನ ಬಂದರಿನಲ್ಲಿ ಅವರನ್ನು ಆಸ್ಪತ್ರೆಗೆ ಇಳಿಸಿದರು. ಆ ಬುಕಿಂಗಿನ ಕಮಿಷನ್ ನನಗೆ ಬರಲಿಲ್ಲ. ಅವತ್ತು ರಾತ್ರಿ ಮೀಟಿಂಗಿನಲ್ಲಿ ಟಾರ್ಗೆಟ್ ಯಾಕೆ ಕಡಿಮೆ ಅಂತ ಕೇಳಿದ್ದು ನನ್ನನ್ನೇ.

ಎರಡೂ ಕಾಲು ಮುಟ್ಟಿ ನೋಡುವ ಆ ಅಭ್ಯಾಸ ಹಡಗಿನವರು ಕಲಿಸಿದ್ದಲ್ಲ, ದುಬೈನವರೂ ಅಲ್ಲ. 12,000 ರೂಪಾಯಿ ಕೆಲಸದಲ್ಲಿ ಕಲಿತದ್ದು. ಅಲ್ಲಿನ ವೈದ್ಯರು ನಾಡಿ ನೋಡಿ, ಯಾರಿಗೆ ಧನ್ವಂತರಂ ತೈಲ, ಯಾರಿಗೆ ಕ್ಷೀರಬಲ, ಯಾರಿಗೆ ಎಣ್ಣೆಯೇ ಬೇಡ ಅಂತ ಚೀಟಿ ಬರೆದ ಮೇಲೇ ನಾವು ಮುಟ್ಟುತ್ತಿದ್ದದ್ದು. ಜಿಟಿಜಿಟಿ ಮಳೆಯ ದಿನ ಟವೆಲ್ ಒಣಗದೆ ಒದ್ದಾಡುತ್ತಿದ್ದೆವು. ಗೆಸ್ಟ್ ಕಡಿಮೆ ಇದ್ದಾಗ ವೈದ್ಯರು ನಮ್ಮನ್ನು ಕೂರಿಸಿಕೊಂಡು ಹೇಳಿಕೊಡುತ್ತಿದ್ದರು. "ಮೊದಲು ಕೈ ನೋಡಲಿ, ಆಮೇಲೆ ಎಣ್ಣೆ" ಅನ್ನುವುದು ಅವರ ಮಾತು.

ಹುಡುಗಿಗೆ ನಾನು ಹೇಳಿದ್ದು ಇಷ್ಟು. ನಿನಗೆ ಇನ್ನೂ ಇಪ್ಪತ್ತೆರಡು. ಕೋರ್ಸ್ ಮುಗಿಸಿ ಒಂದು ವರ್ಷದ ಅನುಭವ ಅಷ್ಟೇ. ಮೊದಲು ದುಬೈಗೆ ಹೋಗು. ಸಂಬಳ ಗಟ್ಟಿ, ವಾರದ ರಜೆ ಇದೆ, ಕೈ ಪಳಗುತ್ತದೆ. ಆಮೇಲೆ ಹಡಗು ಹತ್ತುವುದಾದರೆ, ಮನೆ ಸಾಲವೋ ತಂಗಿ ಓದೋ ಒಂದು ಲೆಕ್ಕ ಇಟ್ಟುಕೊಂಡು ಒಂದೋ ಎರಡೋ ಕಾಂಟ್ರ್ಯಾಕ್ಟ್ ಮಾಡು, ಸಾಕು. ಹಡಗಿನ ಆಫರ್ ಲೆಟರಿನಲ್ಲಿ ರೂಟ್ ಬರೆದಿರಲಿಲ್ಲ. ಮೇಲ್ ಮಾಡಿ ಕೇಳು ಅಂದೆ, ಅಲ್ಲೇ ಕೂತು ಫೋನಿನಲ್ಲಿ ಟೈಪ್ ಮಾಡಿ ಕಳಿಸಿದಳು. ನಾಲ್ಕು ದಿನಕ್ಕೆ ಉತ್ತರ ಬಂತು. ಮೂರು ರಾತ್ರಿ, ನಾಲ್ಕು ರಾತ್ರಿಯ ನಾಸಾವ್ ಟ್ರಿಪ್. ಸಂಜೆಯೇ ದುಬೈಗೆ ಹೂಂ ಅಂದಳು.

ವೀಸಾ ಬರುವವರೆಗೆ ದಿನಾ ಬೆಳಿಗ್ಗೆ ನನ್ನ ಹತ್ತಿರ ಬರುತ್ತಾಳೆ. ಮೊದಲ ದಿನ ಎಣ್ಣೆ ಬಟ್ಟಲು ಎತ್ತಿಟ್ಟು, ಅಮ್ಮನನ್ನು ಮಂಚದ ಮೇಲೆ ಮಲಗಿಸಿ, ಎರಡೂ ಕಾಲು ಮುಟ್ಟಿ ನೋಡಿ ಯಾವುದು ಬಿಸಿ ಇದೆ ಹೇಳು ಅಂದೆ.