ಪರ-ವಿರೋಧ, ಏಷ್ಯನ್, ಬ್ರಿಟಿಷ್: ಮೂರೂ ಬಗೆಯ ಚರ್ಚೆ ಆಡಿ ನೋಡಿದ ಮೇಲೆ

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಮುಂಬೈ ಹತ್ತಿರದ ಡೊಂಬಿವಲಿಯ ಒಂದು ಕನ್ನಡ ಸಂಘದ ನಾಡಹಬ್ಬದಲ್ಲಿ ಮೊದಲ ಸಲ ಚರ್ಚಾಸ್ಪರ್ಧೆಗೆ ನಿಂತೆ. ವಿಷಯ ಹದಿನೈದು ದಿನ ಮುಂಚೆಯೇ ಗೊತ್ತಿತ್ತು, ‘ಪರ’ ಎಂದು ನಾನೇ ಹೆಸರು ಬರೆಸಿದ್ದೆ. ಅಪ್ಪ ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ನನ್ನ ನಾಲ್ಕು ನಿಮಿಷದ ಭಾಷಣವನ್ನು ಅವರೇ ಕೂತು ತಿದ್ದಿಕೊಟ್ಟರು. ಬಹುಮಾನವೂ ಬಂತು. ಮನೆಗೆ ಬರುವ ದಾರಿಯಲ್ಲಿ ಅಪ್ಪ, “ನಿನಗಿಂತ ಮುಂಚೆ ಮಾತಾಡಿದ ಹುಡುಗ ಏನು ಹೇಳಿದ?” ಎಂದು ಕೇಳಿದರು. ನನಗೆ ಒಂದು ಮಾತೂ ನೆನಪಿರಲಿಲ್ಲ. ಅವನ ಸರದಿಯಲ್ಲಿ ನಾನು ನನ್ನ ಸಾಲುಗಳನ್ನು ಮನಸ್ಸಿನಲ್ಲೇ ಬಾಯಿಪಾಠ ಮಾಡುತ್ತಿದ್ದೆ.

ಆಮೇಲೆ ಮುಂಬೈಯ ಕಾಲೇಜಿನಲ್ಲಿ ಮೂರು ವರ್ಷ ಪಾರ್ಲಿಮೆಂಟರಿ ಡಿಬೇಟ್, ಅಂದರೆ ಸಂಸತ್ತಿನ ಮಾದರಿಯ ತಂಡಚರ್ಚೆ, ಮಾಡಿದೆ, ಏಷ್ಯನ್ ಶೈಲಿಯದೂ ಬ್ರಿಟಿಷ್ ಶೈಲಿಯದೂ. ಈಗ ಮೂರನ್ನೂ ಹೋಲಿಸುವಾಗ ಅಳತೆಗೆ ಇಟ್ಟುಕೊಳ್ಳುವುದು ಅಪ್ಪನ ಆ ಪ್ರಶ್ನೆಯನ್ನೇ. ಎದುರಿನವರ ಮಾತು ಕೇಳದೆ ಗತಿಯಿಲ್ಲ ಎನ್ನುವ ಸ್ಥಿತಿಗೆ ನನ್ನನ್ನು ತಂದದ್ದು ಯಾವುದು?

ಪರ-ವಿರೋಧದಲ್ಲಿ ಅದು ಇಲ್ಲವೇ ಇಲ್ಲ. ಒಬ್ಬರಾದ ಮೇಲೆ ಒಬ್ಬರು ಬಂದು ತಮ್ಮ ಭಾಷಣ ಒಪ್ಪಿಸಿ ಹೋಗುತ್ತಾರೆ. ಆದರೆ ಸಭಿಕರು ತುಂಬಿರುತ್ತಾರೆ, ಮಾತು ಅವರ ಭಾಷೆಯಲ್ಲಿರುತ್ತದೆ. ಇದು ಸಣ್ಣ ಗುಣವಲ್ಲ.

ಏಷ್ಯನ್ ಶೈಲಿಯಲ್ಲಿ ಎರಡೇ ತಂಡ, ತಲಾ ಮೂವರು. ಮೂರು ಮೋಶನ್, ಅಂದರೆ ಚರ್ಚೆಯ ವಿಷಯ, ಕೊಡುತ್ತಾರೆ, ಎರಡೂ ತಂಡಗಳು ಇಷ್ಟಾನಿಷ್ಟ ಹೇಳಿ ಒಂದನ್ನು ಉಳಿಸಿಕೊಳ್ಳುತ್ತವೆ. ತಯಾರಿಗೆ ಸಾಮಾನ್ಯವಾಗಿ 30 ನಿಮಿಷ ಸಿಗುತ್ತದೆ. ಕೊನೆಗೆ ನಾಲ್ಕು ನಿಮಿಷದ ರಿಪ್ಲೈ ಭಾಷಣ. ಇಡೀ ಚರ್ಚೆ ಎಲ್ಲಿ ತಿರುಗಿತು ಎಂದು ಅದರಲ್ಲಿ ಹೇಳಬೇಕು. ಕೇಳಿಸಿಕೊಳ್ಳದವರು ಅಲ್ಲಿ ಸಿಕ್ಕಿಬೀಳುತ್ತಾರೆ. ಹೊಸಬರು ಇಲ್ಲಿಂದ ಶುರು ಮಾಡುವುದೇ ಸರಿ.

ನನ್ನನ್ನು ನಿಜವಾಗಿ ಬದಲಿಸಿದ್ದು ಬ್ರಿಟಿಷ್ ಪಾರ್ಲಿಮೆಂಟರಿ. ನಾಲ್ಕು ತಂಡ, ತಲಾ ಇಬ್ಬರು, ಸರ್ಕಾರದ ಕಡೆ ಎರಡು, ವಿರೋಧದ ಕಡೆ ಎರಡು. ಯಾವ ಕಡೆ ಎಂಬುದನ್ನು ಡ್ರಾ ಹೇಳುತ್ತದೆ, ನಾವಲ್ಲ. ಮೋಶನ್ ಹೊರಬಿದ್ದ ಮೇಲೆ 15 ನಿಮಿಷ, ಫೋನ್ ನೋಡುವಂತಿಲ್ಲ. ಒಬ್ಬೊಬ್ಬರಿಗೂ 7 ನಿಮಿಷ. ಮೊದಲನೆಯದೂ ಕೊನೆಯದೂ ಬಿಟ್ಟು ನಡುವಿನ ಐದು ನಿಮಿಷ ಎದುರು ಕಡೆಯವರು ಪಿಓಐಗೆ ಏಳಬಹುದು. ಪಿಓಐ ಅಂದರೆ ನಡುವೆ ತೂರಿಬರುವ ಒಂದು ಪ್ರಶ್ನೆ. ತೆಗೆದುಕೊಳ್ಳುವುದು ಬಿಡುವುದು ನಮ್ಮಿಷ್ಟ, ಆದರೆ ಒಂದನ್ನೂ ತೆಗೆದುಕೊಳ್ಳದವರನ್ನು ಜಡ್ಜ್‌ಗಳು ಸುಮ್ಮನೆ ಬಿಡುವುದಿಲ್ಲ.

ಒಂದು ಸುತ್ತು ಮರೆಯಲಾರೆ. ಮೋಶನ್: ಮತದಾನ ಕಡ್ಡಾಯ ಮಾಡಬೇಕು. ನನಗೆ ಕಡ್ಡಾಯ ಒಪ್ಪಿಗೆಯಿಲ್ಲ, ಆದರೆ ನಮಗೆ ಬಿದ್ದದ್ದು ಕ್ಲೋಸಿಂಗ್ ಗವರ್ನ್‌ಮೆಂಟ್, ಅಂದರೆ ಪರವಾಗಿ ಮಾತಾಡುವ ಎರಡು ತಂಡಗಳಲ್ಲಿ ಎರಡನೆಯದು. ಓಪನಿಂಗ್ ತಂಡ 1924ರ ಆಸ್ಟ್ರೇಲಿಯಾದ ಕಾನೂನು, ಮತದಾನದ ಪ್ರಮಾಣ ಎಲ್ಲವನ್ನೂ ಹೇಳಿ ಮುಗಿಸಿತ್ತು. ಅವರದನ್ನೇ ಮತ್ತೆ ಹೇಳಿದರೆ ನಮಗೆ ಅಂಕವಿಲ್ಲ. ಅವರಿಗೆ ಅಡ್ಡ ಮಾತಾಡಿದರೆ ‘ನೈಫ್ ಮಾಡಿದರು’, ತಮ್ಮ ಕಡೆಯವರಿಗೇ ಚೂರಿ ಹಾಕಿದರು, ಎಂಬ ಆಪಾದನೆ. ಆಗ ಅಪ್ಪನ ಹೋಟೆಲಿನ ಹುಡುಗರು ನೆನಪಾದರು. ಹೆಸರು ಉಡುಪಿ ಕಡೆಯ ಪಟ್ಟಿಯಲ್ಲಿ, ದುಡಿಮೆ ಮುಂಬೈಯ ಅಂಧೇರಿಯಲ್ಲಿ. ಮತದಾನ ಕಡ್ಡಾಯವಾದರೆ ಅವರಿದ್ದಲ್ಲಿಗೆ ಮತಪೆಟ್ಟಿಗೆ ತರುವುದು ಸರ್ಕಾರಕ್ಕೂ ಕಡ್ಡಾಯವಾಗುತ್ತದೆ ಎಂದು ವಾದಿಸಿದೆ. ಎದುರಿನಿಂದ ಒಬ್ಬಳು ಎದ್ದಳು: “ಅಲ್ಲಿಯವರೆಗೆ ದಂಡ ಕಟ್ಟುವವನು ರಜೆ ಸಿಗದ ಆ ಹುಡುಗನೇ ಅಲ್ಲವೇ?” ಏನೋ ಉತ್ತರ ಕೊಟ್ಟೆ, ಸಾಲಲಿಲ್ಲ. ಮೂರನೇ ಸ್ಥಾನ ಬಂತು. ಕಡ್ಡಾಯ ಬೇಡ ಎಂಬ ನನ್ನ ಅಭಿಪ್ರಾಯ ಇವತ್ತಿಗೂ ಹಾಗೇ ಇದೆ, ಕಾರಣ ಮಾತ್ರ ಬದಲಾಗಿದೆ. ಮೊದಲು ನನ್ನ ಸ್ವಾತಂತ್ರ್ಯದ ಬಗ್ಗೆ ಯೋಚಿಸುತ್ತಿದ್ದೆ, ಈಗ ಆ ದಂಡದ ಬಗ್ಗೆ.

ಒಂದೇ ಕಡೆ ಕೂತು, ಒಟ್ಟು ನಿಲುವು ಬಿಡದೆ, ತನ್ನದೇ ಕಾರಣ ಹುಡುಕುವ ಈ ಕ್ಲೋಸಿಂಗ್ ಬೆಂಚೇ ಮೂರು ಬಗೆಗಳಲ್ಲೂ ಅತ್ಯಂತ ಬೆಲೆಯುಳ್ಳದ್ದು ಎಂಬುದು ನನ್ನ ತೀರ್ಮಾನ. ನಿಜವಾದ ಸಂಸತ್ತಿನಲ್ಲಿ, 1985ರಲ್ಲಿ ಪಕ್ಷಾಂತರ ನಿಷೇಧ ಕಾನೂನು ಬಂದಾಗಿನಿಂದ, ಪಕ್ಷದ ಆದೇಶ (ವಿಪ್) ಮೀರಿ ಮತ ಹಾಕಿದ ಸದಸ್ಯ ಸ್ಥಾನವನ್ನೇ ಕಳೆದುಕೊಳ್ಳಬಹುದು. ಪಕ್ಷದಿಂದ ಪಕ್ಷಕ್ಕೆ ಹಾರುವ ಆಯಾರಾಂ ಗಯಾರಾಂಗಳನ್ನು ತಡೆಯಲು ಅದು ಬೇಕಿತ್ತು, ಒಪ್ಪುತ್ತೇನೆ. ಆದರೆ ತನ್ನವರೊಳಗೇ ಬೇರೆ ಮಾತಾಡುವ ಅಭ್ಯಾಸ ಎಲ್ಲೋ ಒಂದು ಕಡೆ ಆಗಲೇಬೇಕು. ಕಾಲೇಜಲ್ಲದೆ ಇನ್ನೆಲ್ಲಿ?

ಕೊರತೆಯೂ ದೊಡ್ಡದೇ ಇದೆ. ನಾನು ಆಡಿದ ಸುತ್ತುಗಳೆಲ್ಲ ಇಂಗ್ಲಿಷಿನಲ್ಲಿ, ಉಸಿರು ಬಿಡದ ವೇಗದಲ್ಲಿ, ಖಾಲಿ ಕ್ಲಾಸ್‌ರೂಮುಗಳಲ್ಲಿ ನಡೆದವು. ಎಂಟು ಜನ ಮಾತಾಡುತ್ತಾರೆ, ಜಡ್ಜ್‌ಗಳು ಬರೆದುಕೊಳ್ಳುತ್ತಾರೆ, ಅಷ್ಟೇ. ವೇಷ, ಕುಣಿತವಿಲ್ಲದೆ ಮಾತಿನಲ್ಲೇ ನಡೆಯುವ ಯಕ್ಷಗಾನವಾದ ತಾಳಮದ್ದಳೆ ಕೇಳಿ ಬೆಳೆದವಳಿಗೆ ಇದು ತುಂಬಾ ಕಾಡಿತು. ಅಲ್ಲಿ ವಾಲಿಯ ಅರ್ಥ ಹೇಳುವವರು ರಾಮನ ಪ್ರತಿ ಮಾತನ್ನೂ ಹಿಡಿದು ಅಲ್ಲೇ ಉತ್ತರ ಕಟ್ಟುತ್ತಾರೆ. ಮರದ ಮರೆಯಿಂದ ಬಿಟ್ಟ ಬಾಣಕ್ಕೆ ರಾಮ ಲೆಕ್ಕ ಕೊಡಲೇಬೇಕು. ಊರಿನವರೆಲ್ಲ ಬೆಳಗಿನವರೆಗೆ ಕೂತು ತೂಗುತ್ತಾರೆ. ಅಂಕ ಕೊಡುವವರು ಯಾರೂ ಇಲ್ಲ.

ಅದಕ್ಕೇ ಕಳೆದ ವರ್ಷ ಗೆಳೆಯರೆಲ್ಲ ಸೇರಿ ಡೊಂಬಿವಲಿಯಲ್ಲೇ ಕನ್ನಡದಲ್ಲಿ ಒಂದು ಬ್ರಿಟಿಷ್ ಶೈಲಿಯ ಸುತ್ತು ಇಟ್ಟೆವು. ಮೋಶನ್: ಲೋಕಲ್ ಗಾಡಿಯ ಫಸ್ಟ್ ಕ್ಲಾಸ್ ಡಬ್ಬಿ ತೆಗೆಯಬೇಕು. ಪಿಓಐಗೆ ‘ಒಂದು ಪ್ರಶ್ನೆ’ ಅಂದರೆ ಸಾಕೆಂದು ಮಾಡಿಕೊಂಡೆವು. ತಯಾರಿಯ ಸಮಯವನ್ನು ಅರ್ಧ ಗಂಟೆಗೆ ಏರಿಸಿದೆವು, ಅಷ್ಟು ಏಷ್ಯನ್ ಶೈಲಿಯಿಂದ ತಂದದ್ದು. ಕೊನೆಗೆ ಸಭಿಕರ ಪ್ರಶ್ನೆಗೆ ಹತ್ತು ನಿಮಿಷ ಇಟ್ಟಿದ್ದೆವು. ಮೊದಲು ಎದ್ದವರು ಮೂವತ್ತು ವರ್ಷ ಸೆಕೆಂಡ್ ಕ್ಲಾಸಿನಲ್ಲಿ ನಿಂತೇ ಮುಂಬೈಯ ಸಿಎಸ್‌ಟಿ ನಿಲ್ದಾಣಕ್ಕೆ ಹೋಗಿಬಂದ ಹಿರಿಯರೊಬ್ಬರು, ಆಮೇಲೆ ಅಪ್ಪ. ಸಭಾಂಗಣ ಬಿಡಿಸುವ ಹೊತ್ತಿಗೆ ನಲವತ್ತು ನಿಮಿಷ ದಾಟಿತ್ತು, ಇನ್ನೂ ನಾಲ್ಕು ಕೈ ಮೇಲಿದ್ದವು.