ಗೋಡೆಯೊಳಗಿನ ಹಳೆಯ ಪೈಪಿಗೆ ಹೊಸ ಎಸಿ ಜೋಡಿಸುವ ಮುನ್ನ ಓದಿ

ಹಳೆಯ ಮನೆಯ ಗೋಡೆಯಲ್ಲಿ ಹುದುಗಿರುವ ತಾಮ್ರದ ಪೈಪಿಗೆ ಹೊಸ ಎಸಿ ಜೋಡಿಸಲು ಹೊರಟವರು ಮೊದಲು ಆ ಪೈಪಿಗೆ ನೈಟ್ರೋಜನ್ ತುಂಬಿಸಿ ಎಲ್ಲಾದರೂ ಸೋರುತ್ತದೆಯೇ ಎಂದು ಪರೀಕ್ಷೆ ಮಾಡಿಸಿಕೊಳ್ಳಬೇಕು. ಆ ಪರೀಕ್ಷೆ ನಡೆಯದ ಕಾರಣ ಮಂಗಳೂರಿನ ನಮ್ಮ ಮನೆಯಲ್ಲಿ ಒಂದಿಡೀ ಬೇಸಿಗೆ ಹಾಳಾಯಿತು, ಗ್ಯಾಸಿಗೆಂದು ಪದೇ ಪದೇ ಕೊಟ್ಟ ಹಣ ವ್ಯರ್ಥವಾಯಿತು, ಕೊನೆಗೆ ಗೋಡೆಯನ್ನೂ ಒಡೆಯಬೇಕಾಯಿತು.

ಮನೆ ಕಟ್ಟಿದ್ದು 2004ರಲ್ಲಿ. ಗೋಡೆಯಲ್ಲಿ ಕಾಲುವೆ ಕೊರೆದು ಎಸಿಯ ಎರಡು ತಾಮ್ರದ ಪೈಪ್, ವಯರ್ ಮತ್ತು ನೀರು ಹೋಗುವ ಪಿವಿಸಿ ಪೈಪನ್ನು ಒಟ್ಟಿಗೆ ಇಟ್ಟು ಗಾರೆ ಮೆತ್ತಿದ್ದರು. ಅಂದಿನ ಎಸಿಯಲ್ಲಿ ತಂಪು ಮಾಡಲು ಬಳಸುತ್ತಿದ್ದುದು ಆರ್-22 ಎಂಬ ಗ್ಯಾಸ್. ಅದು ಕೆಟ್ಟು ನಿಂತ ಮೇಲೆ ಆರ್-32 ಗ್ಯಾಸಿನ ಇನ್ವರ್ಟರ್ ಎಸಿ ತಂದೆವು. ಅಳವಡಿಸಲು ಬಂದವರನ್ನು ಹಳೆಯ ಪೈಪ್ ನಡೆಯುತ್ತದೆಯೇ ಎಂದು ಕೇಳಿದಾಗ, "ಕಾಪರ್ ಅಲ್ವಾ ಸಾರ್, ಅದಕ್ಕೇನಾಗ್ತದೆ" ಎಂದು ಹೇಳಿ, ಪೈಪಿನ ತುದಿಯನ್ನು ಹೊಸದಾಗಿ ಅಗಲಿಸಿ ನಟ್ ಬಿಗಿದು ಹೊರಟುಹೋದರು.

ಆರ್-32 ಗ್ಯಾಸಿನ ಒತ್ತಡ ಆರ್-22ರ ಒತ್ತಡದ ಸುಮಾರು 1.6 ಪಟ್ಟು ಇರುತ್ತದೆ. ಹಳೆಯ ಒತ್ತಡವನ್ನು ಹೇಗೋ ತಡೆದುಕೊಂಡಿದ್ದ ಜೋಡಣೆಯೊಂದು ಹೊಸ ಒತ್ತಡಕ್ಕೆ ಸೋರತೊಡಗುವುದರಲ್ಲಿ ಆಶ್ಚರ್ಯವಿಲ್ಲ. ಜೊತೆಗೆ ಹಳೆಯ ಯಂತ್ರದ ಮಿನರಲ್ ಆಯಿಲ್ ಪೈಪಿನ ಒಳಮೈಯಲ್ಲಿ ಉಳಿದಿರುತ್ತದೆ. ಹೊಸ ಕಂಪ್ರೆಸರುಗಳ ಎಣ್ಣೆ ಬೇರೆ ಜಾತಿಯದು, ಅದು ತೇವವನ್ನು ಬಲು ಬೇಗ ಹೀರಿಕೊಳ್ಳುತ್ತದೆ. ಹಳೆಯ ಎಸಿ ಕಳಚಿದ ಮೇಲೆ ಪೈಪಿನ ಬಾಯಿ ಮುಚ್ಚದೆ ತಿಂಗಳುಗಟ್ಟಲೆ ಬಿಟ್ಟಿದ್ದರೆ ಒಳಗೆ ತೇವವೂ ದೂಳೂ ಸೇರಿಕೊಂಡಿರುತ್ತವೆ. ಪೈಪನ್ನು ತೊಳೆದು, ನೈಟ್ರೋಜನ್ನಿನಿಂದ ಊದಿ, ಪಂಪಿನಿಂದ ವ್ಯಾಕ್ಯೂಮ್ ಮಾಡದಿದ್ದರೆ (ಅಂದರೆ ಒಳಗಿನ ಗಾಳಿಯನ್ನೂ ತೇವವನ್ನೂ ಎಳೆದು ತೆಗೆಯದಿದ್ದರೆ) ಇವೆಲ್ಲ ನೇರವಾಗಿ ಹೊಸ ಕಂಪ್ರೆಸರಿಗೆ ಹೋಗುತ್ತವೆ.

ಕೆಲವೇ ವಾರಗಳಲ್ಲಿ ತಂಪು ಕಡಿಮೆಯಾಯಿತು. ಬಂದ ಮೆಕ್ಯಾನಿಕ್ ಗ್ಯಾಸ್ ಇಳಿದಿದೆ ಎಂದು ತುಂಬಿಸಿ ಹಣ ಪಡೆದರು. ಮತ್ತೆ ಇಳಿಯಿತು, ಮತ್ತೆ ತುಂಬಿಸಿದರು. ಎಸಿಯ ಗ್ಯಾಸ್ ವಾಹನದ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ವ್ಯವಸ್ಥೆಯಲ್ಲಿ ಅದು ಕಡಿಮೆಯಾಯಿತೆಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರುವ ಜಾಗ ಹುಡುಕದೆ ಗ್ಯಾಸ್ ತುಂಬಿಸುವವರನ್ನು ದಯವಿಟ್ಟು ಬಾಗಿಲಿನಿಂದಲೇ ವಾಪಸು ಕಳುಹಿಸಿ. ಆರ್-32 ನಿಧಾನವಾಗಿಯಾದರೂ ಹೊತ್ತಿಕೊಳ್ಳಬಲ್ಲ, ಗಾಳಿಗಿಂತ ಭಾರವಾದ ಗ್ಯಾಸ್. ಮಕ್ಕಳು ಮಲಗುವ ಮುಚ್ಚಿದ ಕೋಣೆಯೊಳಗೆ ಅದು ಸೋರುತ್ತಿರುವುದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು.

ಅಷ್ಟರಲ್ಲಿ ಕಪಾಟಿನ ಪಕ್ಕದ ಗೋಡೆಯಲ್ಲಿ ಬಣ್ಣ ಉಬ್ಬಿ, ಕಪ್ಪು ಬೂಷ್ಟು ಹಿಡಿಯಿತು. ನಮ್ಮ ಊರಿನಲ್ಲಿ ಗೋಡೆ ಒದ್ದೆಯಾದರೆ ಎಲ್ಲರೂ ಮಳೆಯನ್ನೇ ದೂರುತ್ತಾರೆ. ಆದರೆ ಆಗ ಏಪ್ರಿಲ್ ತಿಂಗಳು. ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರು ಬಂದು ಪೈಪಿನ ಎರಡೂ ತುದಿ ಬಿಚ್ಚಿ ಮುಚ್ಚಿ, ನೈಟ್ರೋಜನ್ ತುಂಬಿಸಿ, ಒತ್ತಡ ತೋರಿಸುವ ಮೀಟರಿನ ಮುಳ್ಳು ನಿಧಾನವಾಗಿ ಇಳಿಯುವುದನ್ನು ನಮ್ಮ ಕಣ್ಣೆದುರೇ ತೋರಿಸಿದರು. ಬಣ್ಣ ಉಬ್ಬಿದ್ದ ಜಾಗದಲ್ಲಿ ಗಾರೆ ಒಡೆದಾಗ ಕಂಡದ್ದು ಇದು: ಕಪ್ಪು ಫೋಮ್ ಹೊದಿಕೆ ಮುಟ್ಟಿದರೆ ಪುಡಿಯಾಗುತ್ತಿತ್ತು, ಎರಡೂ ಪೈಪುಗಳನ್ನು ಒಂದೇ ಹೊದಿಕೆಯೊಳಗೆ ತುರುಕಿದ್ದರು, ಅದರ ನಡುವೆ, ಗಾರೆಯ ಒಳಗೇ, ಒಂದು ಹಿತ್ತಾಳೆಯ ನಟ್ ಜೋಡಣೆಯಿತ್ತು. ಅದರ ಸುತ್ತ ಹಸಿರು ಕಿಲುಬು ಕಟ್ಟಿತ್ತು, ಸಾಬೂನು ನೀರು ಹಚ್ಚಿದ ಕೂಡಲೇ ಸಣ್ಣ ಸಣ್ಣ ಗುಳ್ಳೆಗಳು ಒಂದೇ ಸಮನೆ ಏಳತೊಡಗಿದವು. ಮನೆ ಕಟ್ಟುವಾಗ ಉದ್ದ ಸಾಲದೆ ಬಂದ ಪೈಪನ್ನು ಬೆಸುಗೆ ಹಾಕುವ ಬದಲು ನಟ್ ಬಿಗಿದು ಗಾರೆಯಲ್ಲಿ ಹೂತುಬಿಟ್ಟಿದ್ದರು. ಗೋಡೆಯೊಳಗೆ ಜೋಡಣೆಯೇ ಇರಬಾರದು. ಅನಿವಾರ್ಯವಾದರೆ ಬೆಸುಗೆ ಮಾತ್ರ.

ಗೋಡೆ ಒದ್ದೆಯಾದದ್ದು ಗ್ಯಾಸಿನಿಂದಲ್ಲ, ಹೊದಿಕೆ ಸತ್ತದ್ದರಿಂದ. ಸಾಮಾನ್ಯ ಸ್ಪ್ಲಿಟ್ ಎಸಿಗಳಲ್ಲಿ ಗ್ಯಾಸಿನ ಒತ್ತಡ ಇಳಿಸುವ ಭಾಗ ಹೊರಗಿನ ಯೂನಿಟ್ಟಿನಲ್ಲೇ ಇರುವುದರಿಂದ ದಪ್ಪ ಪೈಪಿನಂತೆ ಸಣ್ಣ ಪೈಪೂ ತಣ್ಣಗಿರುತ್ತದೆ. ಆದ್ದರಿಂದ ಎರಡಕ್ಕೂ ಬೇರೆ ಬೇರೆ ನೈಟ್ರೈಲ್ ರಬ್ಬರ್ ಹೊದಿಕೆ ಬೇಕು. ಕರಾವಳಿಯ ತೇವದ ಗಾಳಿಯಲ್ಲಿ ಬರಿ ಪೈಪ್ ಬೆವರಿ ಗಾರೆಯನ್ನು ನೆನೆಸದೆ ಬಿಡುವುದಿಲ್ಲ.

ಪರೀಕ್ಷೆಗೆ ಒಣ ನೈಟ್ರೋಜನ್ ಮಾತ್ರ ಬಳಸಬೇಕು. ಆಕ್ಸಿಜನ್ ಸಿಲಿಂಡರ್ ತಂದವರನ್ನು ಕೂಡಲೇ ತಡೆಯಿರಿ, ಒತ್ತಡದ ಆಕ್ಸಿಜನ್ ಎಣ್ಣೆಯೊಂದಿಗೆ ಸೇರಿದರೆ ಸ್ಫೋಟವಾಗಬಹುದು. ಎಷ್ಟು ಒತ್ತಡ ಕೊಡಬೇಕೆಂಬುದನ್ನು ಎಸಿ ತಯಾರಕರ ಕೈಪಿಡಿಯಿಂದ ತಿಳಿದುಕೊಂಡು, ರಾತ್ರಿಯಿಡೀ ಬಿಟ್ಟು, ಮೀಟರಿನ ಫೋಟೋವನ್ನು ಹಿಂದಿನ ದಿನವೂ ಮರುದಿನವೂ ತೆಗೆದಿಡಿ. ಹವೆ ತಣ್ಣಗಾದರೆ ಮುಳ್ಳು ತುಸು ಇಳಿಯುವುದು ಸಹಜ, ಅದಕ್ಕಿಂತ ಹೆಚ್ಚು ಇಳಿದರೆ ಆ ಪೈಪಿನ ಆಸೆ ಬಿಡಿ. ನೀರಿನ ಪೈಪಿಗೂ ಬಕೆಟ್ ನೀರು ಹೊಯ್ದು ಅಷ್ಟೇ ನೀರು ಹೊರಗೆ ಬರುತ್ತದೆಯೇ ಎಂದು ನೋಡಿ.

ನಾವು ಹಳೆಯ ಪೈಪನ್ನು ಗೋಡೆಯಲ್ಲೇ ಬಿಟ್ಟು, ಹೊಸ ಪೈಪನ್ನು ಪಿವಿಸಿ ಕೇಸಿಂಗಿನಲ್ಲಿ ಗೋಡೆಯ ಮೇಲಿನಿಂದಲೇ ಎಳೆಸಿದೆವು. ನೋಡಲು ಅಷ್ಟೇನೂ ಚೆಂದವಿಲ್ಲ, ಆದರೆ ಪ್ರತಿಯೊಂದು ಜೋಡಣೆಯೂ ಕೈಗೆ ಸಿಗುತ್ತದೆ. ಇನ್ನೊಂದು ಕೋಣೆಯ ಪೈಪ್ ಕೂಡ ಅದೇ ಕೆಲಸಗಾರರು ಹಾಕಿದ್ದು, ಹಾಗಾಗಿ ಪರೀಕ್ಷೆಯಾಗದೆ ಅಲ್ಲಿ ಎಸಿ ಜೋಡಿಸಲು ಯಾರಿಗೂ ಬಿಡುವುದಿಲ್ಲ.